ತೊಟ್ಟಿಲು ಯಾರ ಮನೆಯಲ್ಲಿದೆ

ನನ್ನ ಅಮ್ಮನಿಗೆ,

ನೀನು ಅಜ್ಜಿಯಾಗುತ್ತೀಯಮ್ಮ, ನನಗೀಗ ಏಳು ತಿಂಗಳು, ಹೆರಿಗೆಗೆ ಸಾಗರಕ್ಕೇ ಬರುತ್ತಿದ್ದೇನೆ, ಬೇರೆ ಯಾರ ಮನೆಗೂ ಅಲ್ಲ, ನಮ್ಮ ಮನೆಗೇ! ನೋಡು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟೆ. ಕ್ರಮವಾಗಿ ಬರೆಯಬೇಕೆಂದು ಬೆಳಿಗ್ಗೆಯಿಂದ ಮನಸ್ಸಿನಲ್ಲೇ ಜೋಡಿಸಿಟ್ಟುಕೊಂಡಿದ್ದೆ. ಆದರೆ ನನ್ನಿಂದ ಕೂರಲಾಗುತ್ತಿಲ್ಲ. ಈ ನಾಲ್ಕು ಸಾಲು ಬರೆಯುವುದರೊಳಗೆ ಎರಡು ಸಲ ಎದ್ದು ಬಾಗಿಲಿಗೆ ಹೋಗಿ ಬಂದೆ. ನಮ್ಮ ಕ್ವಾರ್ಟರ್ಸು ಬೀರೂರಿನ ಸ್ಟೇಷನ್ನಿನ ಹಿಂದೆಯೇ ಇದೆ. ಗಾಡಿ ಕೂಗಿದಾಗಲೆಲ್ಲ ನನ್ನದೇ ಗಾಡಿಯೇನೋ ಎಂಬಂತೆ ಎದೆ ಹಾರುತ್ತದೆ. ನನ್ನ ಯಜಮಾನರು ಅಲ್ಲಿ ಬುಕಿಂಗ್ ಕ್ಲಾರ್ಕು. ಮದುವೆಯಾಗಿ ಹನ್ನೊಂದು ತಿಂಗಳಾಯಿತು. ಅವರು ನಗುವಾಗ ಕಣ್ಣು ಪೂರ್ತಿ ಮುಚ್ಚಿಹೋಗುತ್ತದೆ ಎಂಬುದನ್ನು ನಿನಗೆ ಹೇಳಲೇಬೇಕೆಂದು ಹನ್ನೊಂದು ತಿಂಗಳಿಂದ ಕಾಯುತ್ತಿದ್ದೇನೆ.

ಕಾನ್ವೆಂಟಿನಲ್ಲಿ ಭಾನುವಾರ ಊಟವಾದ ಮೇಲೆ ಕಾಗದ ಬರೆಯುವ ಗಂಟೆ ಇತ್ತು. ಎಲ್ಲರೂ ಇಂಗ್ಲಿಷಿನಲ್ಲಿ ಮನೆಗೆ ಬರೆಯಬೇಕು. ನೀನು ನಮ್ಮನ್ನು ಬಿಟ್ಟುಹೋದ ವರ್ಷವೇ ಅಪ್ಪ ನನ್ನನ್ನು ಅಲ್ಲಿ ಸೇರಿಸಿದ್ದು, ನನಗೆ ಒಂಬತ್ತು ತುಂಬಿತ್ತು. ಪಕ್ಕದ ಹುಡುಗಿಯರೆಲ್ಲ ಅಮ್ಮನಿಗೆ ಬರೆಯುತ್ತಿದ್ದರು, ನಾನೂ ನಿನಗೇ ಬರೆದೆ. ಸಿಸ್ಟರ್ ಅದನ್ನು ಓದಿ, ಕೆಂಪು ಶಾಯಿಯಲ್ಲಿ ತಪ್ಪುಗಳನ್ನೆಲ್ಲ ತಿದ್ದಿ, ನನ್ನ ಮುಂದೆ ಇಟ್ಟು, ಎಲ್ಲಿಗೆ ಕಳಿಸಲಿ ಮಗು ಎಂದು ಮೆತ್ತಗೆ ಕೇಳಿದರು. ಮುಂದಿನ ವಾರದಿಂದ ಅಪ್ಪನಿಗೆ ಬರೆದೆ. ಇದು ನಿನಗೆ ನನ್ನ ಎರಡನೆಯ ಕಾಗದ. ಕನ್ನಡದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ದೊಡ್ಡದಾಗಿಯೂ ಬರೆಯುತ್ತಿದ್ದೇನೆ. ನೀನು ಸಾಲಿನ ಕೆಳಗೆ ಬೆರಳಿಟ್ಟುಕೊಂಡು ಓದುವವಳಲ್ಲವೇ?

ನಮ್ಮ ಸಾಲುಮನೆಯ ಹಿತ್ತಲು ನೆನಪಿದೆಯಾ? ನಾಲ್ಕು ಮನೆ, ಒಂದು ಬಾವಿ. ಮೊದಲ ಮನೆ ಆಸ್ಪತ್ರೆಯ ಕಂಪೌಂಡರರದು, ಅಂದರೆ ನಮ್ಮದು. ಎರಡನೆಯದು ಜವಳಿ ಅಂಗಡಿಯ ಜೈನರ ಪದ್ಮಕ್ಕನದು. ಮೂರನೆಯದರಲ್ಲಿ ಹವ್ಯಕ ಮೇಷ್ಟರ ಹೆಂಡತಿ ಗೌರಕ್ಕ. ಕೊನೆಯದರಲ್ಲಿ ತೀರ್ಥಹಳ್ಳಿ ಕಡೆಯ ನಾಗಮ್ಮ, ಗಂಡನ ಮರದ ಕಾಂಟ್ರಾಕ್ಟಿಗಾಗಿ ಸಾಗರಕ್ಕೆ ಬಂದಿದ್ದ ಗೌಡರ ಮನೆಯವಳು. ನಾಲ್ವರಲ್ಲಿ ಯಾರಿಗೂ ತವರು ಹತ್ತಿರವಿಲ್ಲ. ಹಾಗಾಗಿಯೇ ತಾನೆ ಆ ತೊಟ್ಟಿಲಿನ ಕಟ್ಟಳೆ ಹುಟ್ಟಿದ್ದು? ಹಲಸಿನ ಮರದ ಒಂದೇ ತೊಟ್ಟಿಲು. ಯಾರಿಗಾದರೂ ದಿನ ತುಂಬಿದರೆ, ತೊಟ್ಟಿಲು ಆಗ ಯಾರ ಮನೆಯಲ್ಲಿದೆಯೋ ಅವಳು ಅದನ್ನು ತೊಳೆದು, ತನ್ನದೊಂದು ಹಳೆಯ ಮೆತ್ತನೆಯ ಸೀರೆ ಹಾಸಿ, ಹೊತ್ತುಕೊಂಡು ಹೋಗಬೇಕು. ಹೊತ್ತುಕೊಂಡು ಹೋದವಳೇ ಆ ಬಾಣಂತಿಗೂ ಮಗುವಿಗೂ ನಲವತ್ತು ದಿನ ನೀರು ಹಾಕಬೇಕು. ಇನ್ನೊಬ್ಬಳು ಆಸೆಪಟ್ಟರೂ ಬಿಟ್ಟುಕೊಡುವಂತಿಲ್ಲ. ಕೂಸು ದೊಡ್ಡದಾದ ಮೇಲೆ ತೊಟ್ಟಿಲು ಸಾಲಿನ ಮುಂದಿನ ಮನೆಗೆ, ಕೊನೆಯ ಮನೆಯಿಂದ ಮತ್ತೆ ಮೊದಲ ಮನೆಗೆ.

ಒಮ್ಮೆ ಗೌರಕ್ಕನ ಸರದಿ ಬಂದಾಗ ಆದ ರಂಪ ನನಗೆ ಚೆನ್ನಾಗಿ ನೆನಪಿದೆ. ಬಾಣಂತಿ ನಾಗಮ್ಮ. ಗೌರಕ್ಕನ ಅತ್ತೆ ಊರಿಂದ ಬಂದು ಕೂತಿದ್ದರು. “ಗೌಡ್ರ ಮನೆ ಬಾಣಂತಿಗೆ ನೀನು ನೀರು ಹಾಕದು ಹೇಂಗೆ? ಮಡಿ ಗತಿ ಎಂತ ಆಗವು?” ಎಂದು ಬಚ್ಚಲ ಬಾಗಿಲಿಗೇ ಅಡ್ಡ ನಿಂತರು. ನೀನು ಬಾವಿಕಟ್ಟೆಯಲ್ಲಿ ಕೊಡ ತೊಳೆಯುತ್ತ ಕೂತಿದ್ದವಳು ತಲೆ ಎತ್ತದೆಯೇ ಹೇಳಿದೆ: “ಅಮ್ಮಾ, ನೀರು ಹಾಕಿದ ಮೇಲೆ ಗೌರಕ್ಕನೂ ಮಿಂದೇ ಒಳಗೆ ಬರ್ತಾಳೆ. ಒಂದು ಸ್ನಾನಕ್ಕೆ ಎರಡು ಸ್ನಾನ ಆಯ್ತು, ಮಡಿ ಹೆಚ್ಚಾಯ್ತೇ ಹೊರತು ಕಡಿಮೆ ಎಲ್ಲಾಯ್ತು?” ಒಳಗಿಂದ ನಾಗಮ್ಮ ಕೂಗಿದಳು: “ಬೇಗ ತೀರ್ಮಾನ ಮಾಡ್ರೇ, ನಾನಿಲ್ಲಿ ಎಣ್ಣೆ ಹಚ್ಕೊಂಡು ಚಳೀಲಿ ಕೂತಿದ್ದೀನಿ.” ಮುದುಕಿಗೂ ನಗು ತಡೆಯಲಾಗಲಿಲ್ಲ. ಆ ನಗು, ಆ ಸೀಗೆಯ ವಾಸನೆ, ಆ ಹೊಗೆ... ಹಾಸ್ಟೆಲಿನ ತಣ್ಣೀರಿನ ಶವರ್ ಕೆಳಗೆ ನಿಂತು ನಾನು ಎಷ್ಟು ಸಲ ಅದನ್ನೇ ನೆನೆದಿದ್ದೇನೆ ಗೊತ್ತಾ?

ಕೊನೆಯ ಸಲ ತೊಟ್ಟಿಲು ಕಂಡದ್ದು ನಿನ್ನ ಕೈಯಲ್ಲೇ. ಪದ್ಮಕ್ಕನಿಗೆ ದಿನ ಹತ್ತಿರವಾಗಿತ್ತು. ನೀನು ಅದನ್ನು ತೊಳೆದು ಹಿತ್ತಲಿನ ಬಿಸಿಲಿಗೆ ಇಟ್ಟಿದ್ದೆ. ನಾನು ಅದರೊಳಗೆ ಕಾಲು ಮಡಚಿ ಕೂತು, ನಾನು ಇದರಲ್ಲಿ ಹಿಡಿಸುತ್ತಿದ್ದೆನಾ ಎಂದು ಕೇಳಿದೆ. ನೀನು ಅಂಚಿನಲ್ಲಿದ್ದ ಗುರುತು ತೋರಿಸಿ, “ಹಿಡಿಸ್ತಿದ್ದೆ ಅಷ್ಟೇ ಅಲ್ಲ ಕಮಲಿ, ತಿಂತಿದ್ದೆ. ನೋಡು ಹಲ್ಲು” ಎಂದೆ. ಅದಾದ ಎರಡೋ ಮೂರೋ ದಿನಕ್ಕೆ ನಿನಗೆ ಚಳಿಜ್ವರ ಬಂತು. ಅಪ್ಪ ಆಸ್ಪತ್ರೆಯ ಕಹಿ ಔಷಧವನ್ನೆಲ್ಲ ಮನೆಗೇ ತಂದರು. ಮೂವರು ಗೆಳತಿಯರೂ ಪಾಳಿಯಲ್ಲಿ ಬಂದು ಕೂತರು, ತುಂಬಿದ ಹೊಟ್ಟೆಯ ಪದ್ಮಕ್ಕನೂ. ಮಳೆಗಾಲದ ಜ್ವರ ಎಲ್ಲರಿಗೂ ಬರುತ್ತದೆ, ಹೋಗುತ್ತದೆ ಎಂದುಕೊಂಡಿದ್ದೆ. ಆಮೇಲೆ...

ಅದನ್ನು ಬರೆಯುವುದಿಲ್ಲ. ಇವತ್ತು ಸಂತೋಷದ ಕಾಗದ.

ನಾನು ಬಸುರಿ ಎಂದು ಗೊತ್ತಾದ ದಿನ ಅತ್ತೆ ನನ್ನ ಕೈಗೆ ಸಕ್ಕರೆ ಕೊಟ್ಟರು. ಮರುಕ್ಷಣವೇ ಮುಖ ಸಣ್ಣದು ಮಾಡಿಕೊಂಡರು. ಒಳ್ಳೆಯವರಮ್ಮ ಅವರು. ಆದರೆ ಎರಡು ಕಣ್ಣಿಗೂ ಪೊರೆ ಬಂದಿದೆ, ಅಕ್ಕಿಯಲ್ಲಿ ಕಲ್ಲು ಆರಿಸಲೂ ಆಗುವುದಿಲ್ಲ. “ಚೊಚ್ಚಲು ತವರಲ್ಲೇ ಆಗ್ಬೇಕು ಕಣೇ. ನನ್ನ ಕೈಲಿ ಕೂಸಿಗೆ ನೀರು ಹಾಕೋಕೆ ಭಯ, ಎಲ್ಲಿ ಜಾರ್ಸಿಬಿಡ್ತೀನೋ. ನಿಮ್ಮಪ್ಪ ಒಬ್ರೇ ಇದ್ದಾರೆ. ಅಲ್ಲಿ ನಿನ್ನ ನೋಡೋರು ಯಾರು?” ಎಂದರು. ನಾನು ದೊಡ್ಡ ಧೈರ್ಯದಿಂದ ತೊಟ್ಟಿಲಿನ ಕಥೆ ಹೇಳಿದೆ. ತೊಟ್ಟಿಲು ಯಾರ ಮನೆಯಲ್ಲಿದೆಯೋ ಅವರು ಬರುತ್ತಾರೆ ಎಂದೆ. ಅತ್ತೆ, “ಹಂಗಾದ್ರೆ ಯಾರ ಮನೇಲಿದೆ ಅಂತ ಬರೆಸ್ಕೋ. ಬರೋಳ ಹೆಸರು ಗೊತ್ತಾಗದೆ ನಾನು ನಿನ್ನ ಕಳಿಸಲ್ಲ. ಇಲ್ಲೇ ಯಾರನ್ನಾದ್ರೂ ಗೊತ್ತು ಮಾಡ್ತೀನಿ” ಎಂದರು. ಇಲ್ಲಿ ಎಂದರೆ ಯಾರು? ಗುರುತಿಲ್ಲದ ಹೆಂಗಸು, ಗುರುತಿಲ್ಲದ ಕೈ. ಆ ಯೋಚನೆ ಬಂದಾಗಿನಿಂದ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಯಜಮಾನರು, “ನೀನು ಹೀಗೆ ಓಡಾಡ್ತಿದ್ರೆ ಪ್ಲಾಟ್‌ಫಾರಂ ಟಿಕೆಟ್ ಕೊಡಬೇಕಾಗುತ್ತೆ” ಎಂದು ಹಾಸ್ಯ ಮಾಡಿದರು.

ತೊಟ್ಟಿಲು ಯಾರಲ್ಲಿದೆ ಎಂಬುದು ನನಗೆ ನಿಜವಾಗಿಯೂ ಗೊತ್ತಿರಲಿಲ್ಲ. ಪದ್ಮಕ್ಕನ ಮನೆಗೆ ಹೋಗಿರಬೇಕು, ಅಲ್ಲಿಂದ ಎಲ್ಲೋ. ಅಷ್ಟರಲ್ಲಿ ಸಾಲುಮನೆಯೂ ಚದುರಿತ್ತು. ಮೇಷ್ಟರಿಗೆ ಹೊಸನಗರಕ್ಕೆ ವರ್ಗವಾಗಿ ಗೌರಕ್ಕ ಅಲ್ಲಿಗೆ ಹೋದಳು. ಕಾಂಟ್ರಾಕ್ಟು ಮುಗಿದು ನಾಗಮ್ಮ ಅರಳಸುರಳಿಯ ತಮ್ಮ ಜಮೀನಿಗೆ ಮರಳಿದಳು. ನೀನಿಲ್ಲದ ಮೇಲೆ ಮೂವರೂ ಒಟ್ಟಿಗೆ ಸೇರಿದ್ದು ನನ್ನ ಮದುವೆಯಲ್ಲೇ. ಆಗಲೂ ಆರತಿ ತಟ್ಟೆ ಯಾರು ಹಿಡಿಯುವುದು ಎಂದು ಜಗಳವಾಡಿ, ಕೊನೆಗೆ ಮೂವರೂ ಒಂದೇ ತಟ್ಟೆ ಹಿಡಿದು, ದೀಪ ಆರಿಸಿಬಿಟ್ಟರು. ಅಪ್ಪನನ್ನು ಕೇಳಬಹುದಿತ್ತು. ಆದರೆ ನಿನ್ನ ಮಾತು ತೆಗೆದರೆ ಅಪ್ಪ ಎದ್ದು ಔಷಧದ ಬಾಟಲಿಗಳನ್ನು ಸಾಲಾಗಿ ಜೋಡಿಸಲು ಶುರುಮಾಡುತ್ತಾರೆ. ಹಾಗಾಗಿ ನನ್ನ ಜಾಣತನಕ್ಕೆ ಮೂವರಿಗೂ ಒಂದೇ ಕಾಗದ ಬರೆದೆ: ಮಗು ಬರುತ್ತಿದೆ, ತೊಟ್ಟಿಲು ನಿಮ್ಮಲ್ಲಿದೆಯೇ? ಮೂವರಿಗೂ ಬರೆದಿದ್ದೇನೆಂದು ಮಾತ್ರ ಯಾರಿಗೂ ತಿಳಿಸಲಿಲ್ಲ.

ಮೊದಲು ಬಂದ ಉತ್ತರ ಸಾಗರದ್ದು. ಪದ್ಮಕ್ಕನದು ಅಂಗಡಿಯ ಕಾಗದ, ಗುಂಡಗಿನ ಅಕ್ಷರ. “ಇಲ್ಲೇ ಇದೆ ಕಮಲಿ. ತೊಳೆದು ಬಿಸಿಲಿಗಿಟ್ಟಿದ್ದೀನಿ. ನಿನಗೆ ನಾನೇ ನೀರು ಹಾಕೋದು. ನಮ್ಮಲ್ಲಿ ಹೊತ್ತು ಮುಳುಗಿದ ಮೇಲೆ ಊಟ ಇಲ್ಲ ಅಂತ ನಿನಗೆ ಗೊತ್ತಲ್ಲ, ಬೇಗ ಕೆಲಸ ಮುಗಿಸಿ ನಿನ್ನ ಪಕ್ಕದಲ್ಲೇ ಇರ್ತೀನಿ.” ನಾನು ಕುಣಿದೆ. ಎರಡನೆಯ ದಿನ ಹೊಸನಗರದಿಂದ ಗೌರಕ್ಕನ ಕಾರ್ಡು: “ತೊಟ್ಲು ಎಂಗಳ ಮನೆಲೇ ಇದ್ದು ಕೂಸೆ. ಬೆಕ್ಕು ಮರಿ ಹಾಕಿತ್ತು, ಓಡ್ಸಿ ತೊಳ್ದು ಇಟ್ಟಾತು. ನೀ ಎಂತಕ್ಕೂ ಹೆದರಡ, ಆನೇ ಬತ್ತೆ.” ನನ್ನ ಕುಣಿತ ನಿಂತಿತು. ಇನ್ನೆರಡು ದಿನಕ್ಕೆ ನಾಗಮ್ಮನ ಕಾಗದ, ಮೈದುನನ ಕೈಯಲ್ಲಿ ಬರೆಸಿದ್ದು: “ಎಂಥ ಕೇಳ್ತೀಯ ಮಾರಾಯ್ತಿ, ನಮ್ಮನೇಲಿ ಅಲ್ದೆ ಮತ್ತೆಲ್ಲಿ ಇರುತ್ತೆ? ಬೀಜದ ಭತ್ತ ತುಂಬಿಟ್ಟಿದ್ದೆ, ನಿನ್ನೆ ಖಾಲಿ ಮಾಡ್ಸಿದೆ. ದಿನ ತಿಳಿಸು, ಗಾಡಿ ಕಟ್ಟಿಸ್ಕೊಂಡು ಬರ್ತೀನಿ.”

ಅತ್ತೆಗೆ ಕಾಗದಗಳನ್ನು ಓದಿ ಹೇಳುವವಳು ನಾನೇ. ಮೊದಲನೆಯದನ್ನು ಓದುವಾಗ ದನಿ ಎತ್ತರವಿತ್ತು, ಮೂರನೆಯದಕ್ಕೆ ಬರುವಷ್ಟರಲ್ಲಿ ಪಿಸುಮಾತಾಗಿತ್ತು. ಸುಳ್ಳು ಓದಬಹುದಿತ್ತು. ಯಾಕೋ ಆಗಲಿಲ್ಲ. ಅತ್ತೆ ಹೊಸೆಯುತ್ತಿದ್ದ ಬತ್ತಿ ಕೆಳಗಿಟ್ಟರು. “ಒಂದು ತೊಟ್ಲು, ಮೂರು ಊರು. ಅದೇನು ದೇವ್ರೇ, ಎಲ್ಲ ಕಡೆ ಇರೋಕೆ? ಒಬ್ಳು ನಿಜ ಹೇಳಿದ್ರೂ ಇಬ್ರು ಸುಳ್ಳು. ಇಂಥೋರ ಮಾತು ನಂಬಿ ನಾನು ಚೊಚ್ಚಲು ಬಸುರೀನ ಕಳಿಸ್ಲಾ?” ಎಂದರು. ನಾನು ಆ ಮೂವರ ಪರವಾಗಿ ಏನೋ ಹೇಳಲು ಹೋದೆ. ನನ್ನ ಇಂಗ್ಲಿಷ್ ಶಾಲೆಯಲ್ಲಿ ಡಿಬೇಟಿಗೆ ಪ್ರೈಜು ಬಂದಿತ್ತು, ಅವತ್ತು ಅತ್ತೆಯ ಮುಂದೆ ಸೋತೆ. ಅತ್ತೆ ಮರುದಿನವೇ ಇಲ್ಲಿಯ ಸೂಲಗಿತ್ತಿಯೊಬ್ಬಳನ್ನು ಕರೆಸಿ ಮಾತಾಡಿದರು. ಆಕೆ ನನ್ನ ಹೊಟ್ಟೆ ಮುಟ್ಟಿ ನೋಡಿದಳು. ಕೈ ಬೆಚ್ಚಗೇ ಇತ್ತು, ಆಕೆಯದೇನೂ ತಪ್ಪಿಲ್ಲ. ಆದರೂ ಅವಳು ಹೋದ ಮೇಲೆ ನಾನು ಹಿತ್ತಲಿಗೆ ಹೋಗಿ ಒಗೆದ ಬಟ್ಟೆಗಳನ್ನೇ ಮತ್ತೆ ಒಗೆದೆ.

ಹಾಸ್ಟೆಲಿನಿಂದ ರಜೆಗೆ ಬಂದಾಗ ಅಪ್ಪ ನನ್ನನ್ನು ಬಸ್ಸಿಂದ ಇಳಿಸಿಕೊಂಡು ನೇರ ಪದ್ಮಕ್ಕನ ಅಡುಗೆಮನೆಗೆ ಒಯ್ಯುತ್ತಿದ್ದುದು ನೆನಪಾಯಿತು. ನಮ್ಮ ಅಡುಗೆಮನೆಗೆ ನೀನು ಹೋದಂದಿನಿಂದ ಚಿಲಕ. ಅಪ್ಪನ ಊಟವೂ ಹತ್ತು ವರ್ಷದಿಂದ ಪದ್ಮಕ್ಕನಲ್ಲಿಯೇ. ಹೊತ್ತು ಮುಳುಗುವ ಮೊದಲೇ ಜೈನರ ಊಟ ಮುಗಿಯುತ್ತದೆ, ಅಪ್ಪ ಆಸ್ಪತ್ರೆಯಿಂದ ಓಡಿಬರುತ್ತಾರೆ. ತಡವಾದರೆ ಪದ್ಮಕ್ಕ ಬಾಗಿಲಲ್ಲಿ ನಿಂತು, “ಕಂಪೌಂಡ್ರೇ, ಸೂರ್ಯ ನಿಮಗೋಸ್ಕರ ಕಾಯಲ್ಲ” ಎಂದು ಗದರುತ್ತಾಳೆ. ಇಷ್ಟೆಲ್ಲ ಮಾಡುವವಳು ನನಗೆ ಸುಳ್ಳು ಹೇಳುತ್ತಾಳೆಯೇ? ಹೇಳಿದರೆ ಯಾಕೆ? ತಡೆಯಲಾರದೆ ಕೊನೆಗೆ ಅಪ್ಪನಿಗೇ ಬರೆದೆ. ಮೂರೂ ಕಾಗದದ ಸಂಗತಿ, ಅತ್ತೆಯ ಮಾತು, ನನ್ನ ಭಯ ಎಲ್ಲ. ನಿನ್ನ ಹೆಸರನ್ನೂ ಬರೆದೆ. ಹತ್ತು ವರ್ಷದಲ್ಲಿ ಅಪ್ಪನಿಗೆ ಬರೆದ ಕಾಗದದಲ್ಲಿ ಅದು ಮೊದಲ ಸಲ.

ಉತ್ತರ ಬರಲು ಒಂಬತ್ತು ದಿನ ಹಿಡಿಯಿತು. ಅಂಚೆಯವನ ಹೆಜ್ಜೆ ಸದ್ದು ನನಗೆ ಈಗ ನಿದ್ದೆಯಲ್ಲೂ ಗೊತ್ತಾಗುತ್ತದೆ. ಅಪ್ಪನ ಕಾಗದ ಯಾವಾಗಲೂ ಔಷಧದ ಚೀಟಿಯ ಹಾಗೆ ಮೂರೇ ಸಾಲು. ಈ ಸಲ ಎರಡು ಪುಟ. ಅತ್ತೆಗೆ ಓದಿ ಹೇಳಿದ್ದನ್ನೇ ನಿನಗೂ ಹೇಳುತ್ತೇನೆ.

“ಚಿ. ಕಮಲಿಗೆ ಆಶೀರ್ವಾದ. ತೊಟ್ಟಿಲು ಮೂವರಲ್ಲಿ ಯಾರ ಹತ್ತಿರವೂ ಇಲ್ಲ. ನಮ್ಮ ಅಟ್ಟದಲ್ಲಿದೆ. ನಿನ್ನ ತಾಯಿ ಪದ್ಮಾವತಮ್ಮನವರ ಹೆರಿಗೆಗೆಂದು ತೊಳೆದಿಟ್ಟಿದ್ದಳು, ಒಯ್ದು ಕೊಡುವಷ್ಟರಲ್ಲಿ ಹೀಗಾಯಿತು. ಆಮೇಲೆ ಅದನ್ನು ಯಾರೂ ಕೇಳಲಿಲ್ಲ. ಸಾವಾದ ಮನೆಯಿಂದ ತೊಟ್ಟಿಲು ಕೇಳಲು ಯಾರಿಗೆ ಬಾಯಿ ಬರುತ್ತದೆ? ಪದ್ಮಾವತಮ್ಮ ತಮ್ಮ ಮಗುವನ್ನು ಸೀರೆಯ ಜೋಲಿಯಲ್ಲೇ ತೂಗಿದರು. ನಾನು ಗೋಣಿ ಮುಚ್ಚಿ ಅಟ್ಟಕ್ಕೆ ಹಾಕಿದೆ. ನಿನ್ನ ಕಾಗದ ಬಂದ ಮೇಲೆ ಏಣಿ ಹತ್ತಿ ಇಳಿಸಿದೆ. ಒಳಗೆ ಅವಳ ಹಳೆಯ ಹಸಿರು ಸೀರೆ ಹಾಸಿದ ಹಾಗೆಯೇ ಇದೆ. ಅಂಚಿನಲ್ಲಿ ನಿನ್ನ ಹಲ್ಲಿನ ಗುರುತಿದೆ. ನೋಡಿದೆ.”

ಅಲ್ಲಿಗೆ ನಿಲ್ಲಿಸಿ ಸೆರಗಿನಿಂದ ಕಣ್ಣೊರೆಸಿಕೊಂಡೆ. ಅತ್ತೆ ಕಾಯುತ್ತ ಕೂತರು. ಮುಂದಿನ ಪುಟದಲ್ಲಿ ಅಪ್ಪ ಆ ಕಾಗದಗಳ ವಿಷಯವನ್ನು ಪದ್ಮಕ್ಕನಿಗೆ ಹೇಳಿದ್ದು ಇತ್ತು. ಅವಳು ಮೊದಲು ನಕ್ಕಳಂತೆ, ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡಳಂತೆ. “ಇಲ್ಲ ಅಂತ ಹೇಗೆ ಬರೀಲಿ ಕಂಪೌಂಡ್ರೇ? ಇಲ್ಲ ಅಂದ್ರೆ ಆ ಹುಡುಗಿ ತವರೇ ಇಲ್ಲ ಅಂದ್ಕೊಳ್ಳಲ್ವಾ? ನಾನೊಬ್ಳೇ ಸುಳ್ಳಿ ಅಂದ್ಕೊಂಡಿದ್ದೆ, ಆ ಇಬ್ರೂ ಹೀಗೇ ಮಾಡಿದಾರಾ?” ಎಂದಳಂತೆ. ಅವತ್ತೇ ಹೊಸನಗರಕ್ಕೂ ಅರಳಸುರಳಿಗೂ ಕಾರ್ಡು ಹಾಕಿದಳು. ಇಬ್ಬರೂ ಬಸ್ಸು ಹತ್ತಿ ಸಾಗರಕ್ಕೆ ಬಂದಿಳಿದರು. ಅಲ್ಲಿ ಮತ್ತೆ ಜಗಳ, ಸರದಿ ಯಾರದು ಎಂದು. ಗೌರಕ್ಕ ತಾನು ಹಿರಿಯಳು ಎಂದಳು, ನಾಗಮ್ಮ ತನ್ನ ಕೈಯ ಬಲ ತೋರಿಸಿದಳು. ಪದ್ಮಕ್ಕ ಇಬ್ಬರನ್ನೂ ತೊಟ್ಟಿಲಿನ ಮುಂದೆ ನಿಲ್ಲಿಸಿ ಹೇಳಿದಳಂತೆ: “ಇದು ಯಾರ ಮನೇಲಿದೆ ನೋಡ್ರಿ. ಸರದಿ ಅವಳದ್ದೇ. ಅವಳಿಗೆ ಬರೋಕ್ಕಾಗಲ್ಲ, ನಮ್ಮನ್ನ ಕಳಿಸಿದಾಳೆ ಅಂತ ತಿಳ್ಕೊಂಡು ಸುಮ್ನೆ ಕೆಲಸ ಶುರು ಮಾಡಿ.”

ಅಮ್ಮಾ, ಅವರು ನಿನ್ನ ಅಡುಗೆಮನೆಯ ಚಿಲಕ ತೆಗೆದಿದ್ದಾರೆ. ಒಲೆ ಸಾರಿಸಿದ್ದಾರೆ. ಬಚ್ಚಲ ಹಂಡೆಯನ್ನು ನಾಗಮ್ಮ ಹುಣಿಸೆಹಣ್ಣು ಹಚ್ಚಿ ತಿಕ್ಕಿದಳಂತೆ. ಗೌರಕ್ಕ ಕಷಾಯದ ಪುಡಿ ಕುಟ್ಟುತ್ತಿದ್ದಾಳಂತೆ. ಅಪ್ಪ ಕೊನೆಯಲ್ಲಿ ಬರೆದಿದ್ದಾರೆ, ಮನೆಯಲ್ಲಿ ಒಗ್ಗರಣೆಯ ವಾಸನೆ ಬಂತು, ಆಸ್ಪತ್ರೆಯಿಂದ ಬಂದವನು ಬಾಗಿಲಲ್ಲೇ ಸ್ವಲ್ಪ ಹೊತ್ತು ನಿಂತೆ ಎಂದು. ಅಪ್ಪ ಅಂಥದ್ದನ್ನು ಬರೆಯುವವರೇ?

ಓದಿ ಮುಗಿಸಿ ಅತ್ತೆಯ ಮುಖ ನೋಡಿದೆ. ಈಗ ಅವರಿಗೆ ಲೆಕ್ಕ ಇನ್ನೂ ಕೆಟ್ಟಿತ್ತಲ್ಲ, ಇಬ್ಬರಲ್ಲ, ಮೂವರೂ ಸುಳ್ಳು ಹೇಳಿದ್ದರು. ಅತ್ತೆ ಎದ್ದು ಗೋಡೆ ಹಿಡಿದುಕೊಂಡು ಒಳಗೆ ಹೋದರು. ಪೆಟ್ಟಿಗೆ ತೆರೆದ ಸದ್ದಾಯಿತು. ಬಂದು ನನ್ನ ಮಡಿಲಿಗೆ ಏನನ್ನೋ ಹಾಕಿದರು. ಅವರ ಹಳೆಯ ನೂಲಿನ ಸೀರೆ, ಒಗೆದು ಒಗೆದು ಬೆಣ್ಣೆಯಷ್ಟು ಮೆತ್ತಗಾಗಿದ್ದು. “ನನಗೆ ಕಣ್ಣು ಕಾಣ್ದೆ ಇದ್ರೂ ಇದು ಯಾವ ಸೀರೆ ಅಂತ ಗೊತ್ತು. ನಿನ್ನ ಗಂಡ ಹುಟ್ಟಿದಾಗ ಉಟ್ಟಿದ್ದು. ನಿಮ್ಮಮ್ಮನ ಸೀರೆ ಮೇಲೆ ಇದನ್ನ ಹಾಸು. ಆ ಹೆಂಗಸ್ರಿಗೆ ಹೇಳು, ಬೀರೂರಿನೋಳೂ ಒಬ್ಳಿದ್ದಾಳೆ ಅಂತ” ಎಂದರು. ಸ್ವಲ್ಪ ತಡೆದು, “ಆ ತೊಟ್ಲು ಮುಂದೆ ನಮ್ಮನೆಗೆ ಬರುತ್ತಲ್ಲ, ಆಮೇಲೆ ಯಾರಿಗೆ ಹೊತ್ಕೊಂಡು ಹೋಗ್ಬೇಕು ಅಂತ ಈಗ್ಲೇ ಕೇಳ್ಕೊಂಡು ಬಾ” ಎಂದರು.

ಕೇಳಿಕೊಂಡು ಬರುತ್ತೇನೆ. ನಿನಗೆ ಮಾತು ಕೊಡುತ್ತೇನಮ್ಮ, ಅದನ್ನು ಇನ್ನು ಅಟ್ಟಕ್ಕೆ ಹತ್ತಿಸುವುದಿಲ್ಲ. ಮುಂದಿನ ಬಾಣಂತಿ ಯಾರೇ ಆಗಲಿ, ಯಾವ ಊರಿನಲ್ಲೇ ಇರಲಿ, ತೊಳೆದು, ಸೀರೆ ಹಾಸಿ, ನಾನೇ ಒಯ್ಯುತ್ತೇನೆ. ನೀರು ಹಾಕಲು ನನಗೆ ಇನ್ನೂ ಬರುವುದಿಲ್ಲ. ಮಗುವನ್ನು ಕಾಲ ಮೇಲೆ ಹೇಗೆ ಮಲಗಿಸುತ್ತಾರೆ, ತಲೆಗೆ ಕೈ ಎಲ್ಲಿ ಕೊಡುತ್ತಾರೆ? ಕಾನ್ವೆಂಟಿನಲ್ಲಿ ಅದೊಂದನ್ನು ಬಿಟ್ಟು ಎಲ್ಲ ಕಲಿಸಿದರು. ಈ ಸಲ ಮಲಗಿಕೊಂಡೇ ನೋಡಿ ಕಲಿಯುತ್ತೇನೆ. ಮೂವರೂ ಒಟ್ಟಿಗೆ ಬೈಯುತ್ತಾರೆ, ಗೊತ್ತು.

ಬಾವಿಕಟ್ಟೆಯ ಮೇಲೆ ಕೂತು ನೀನು ಒಮ್ಮೆ ಹೇಳಿದ್ದೆ, ರೈಲುದಾರಿಗೆ ಅಳೆಯುವವರು ಬಂದಿದ್ದಾರಂತೆ, ಗೂಟ ಹೊಡೆದಿದ್ದಾರಂತೆ, ಆದರೆ ಸಾಗರಕ್ಕೆ ರೈಲು ಬಂದರೆ ನನ್ನ ಕಿವಿ ಕತ್ತರಿಸಿಕೊಡುತ್ತೇನೆ ಎಂದು. ಬಂದಿದೆಯಮ್ಮ. ನೀನು ಹೋದ ಮೇಲೆ ಬಂತು. ನಿನ್ನ ಕಿವಿಗೆ ನಾನು ಯಾರನ್ನೂ ಕೈ ಹಚ್ಚಲು ಬಿಡುವುದಿಲ್ಲ, ಈ ಸುದ್ದಿ ಕೇಳಲು ಅವು ಬೇಕು. ಮಂಗಳವಾರ, ಶುಕ್ರವಾರ ಬೇಡವೆಂದು ಅತ್ತೆಯೇ ದಿನ ನೋಡಿದ್ದಾರೆ. ಯಜಮಾನರು ಟಿಕೆಟ್ಟಿಗೆ ತಾವೇ ತಾರೀಕು ಒತ್ತಿ ತಂದಿದ್ದಾರೆ, ಅದೀಗ ನನ್ನ ರವಿಕೆಯೊಳಗಿದೆ, ಗಳಿಗೆಗೊಮ್ಮೆ ಮುಟ್ಟಿ ನೋಡಿಕೊಳ್ಳುತ್ತಿದ್ದೇನೆ. ಸರದಿ ನಿನ್ನದು, ಹಂಡೆಗೆ ನೀರು ತುಂಬಿಸಿಡಲು ಹೇಳು. ಈ ಗುರುವಾರ, ಶಿವಮೊಗ್ಗದಿಂದ ತಾಳಗುಪ್ಪಕ್ಕೆ ಹೋಗುವ ಹಗಲು ಗಾಡಿಯಲ್ಲಿ ಬಂದು ಸಾಗರದಲ್ಲಿ ಇಳಿಯುತ್ತೇನೆ.